ಪೂರ್ವಾಭಿಮುಖ ಪಿಕಪ್ಪಿನ ಪೋಡಿ ಪ್ರಕರಣ

ಮೋಟಾರು ವಾಹನವು ಸ್ಥಿರಾಸ್ತಿಯೋ ಚರಾಸ್ತಿಯೋ ಎಂಬ ಪ್ರಶ್ನೆ ಶಿಕಾರಿಪುರ–ಸೊರಬ ಸಂಯುಕ್ತ ವಾಹನ ಹಕ್ಕುದಾಖಲೆ ಕಚೇರಿಯಲ್ಲಿ ಒಂದೇ ಒಂದು ಸಲ ಎದ್ದಿದೆ. ಬೆಳಿಗ್ಗೆ ಹನ್ನೊಂದೂವರೆಗೆ ಎದ್ದದ್ದು ಮಧ್ಯಾಹ್ನದ ಊಟಕ್ಕೆ ಮೊದಲೇ ಇತ್ಯರ್ಥವಾಯಿತು. ವಾಹನ ಸ್ಥಿರಾಸ್ತಿ. ಈ ಬಗ್ಗೆ ಈಗ ಯಾರಿಗೂ ಅನುಮಾನವಿಲ್ಲ.

ಪ್ರಶ್ನೆ ಎದ್ದದ್ದು ಶಿವಮೂರ್ತಪ್ಪನ ಪಿಕಪ್ಪಿನಿಂದ. ಶಿವಮೂರ್ತಪ್ಪನಿಗೆ ಐವತ್ತು ವರ್ಷ; ಶಿಕಾರಿಪುರದಲ್ಲಿ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುತ್ತಾನೆ. ತಮ್ಮ ಸದಾಶಿವಪ್ಪ ಸೊರಬ ತಾಲೂಕಿನ ಕುಪ್ಪಗಡ್ಡೆಯಲ್ಲಿ ಆಲೆಮನೆ ಇಟ್ಟುಕೊಂಡು ಜೋನಿ ಬೆಲ್ಲ ಮಾಡುತ್ತಾನೆ. ಪಿಕಪ್ ಇಬ್ಬರ ಅಪ್ಪ ಮೂವತ್ತೈದು ವರ್ಷದ ಹಿಂದೆ ಕೊಂಡದ್ದು.

ಅಪ್ಪ ತೀರಿಕೊಂಡ ಮೇಲೆ, ನಾಲ್ಕು ವರ್ಷದ ಹಿಂದೆ, ಅಣ್ಣತಮ್ಮಂದಿರು ಹಿಸ್ಸೆಯಾದರು. ಜಗಳವೇನೂ ಇರಲಿಲ್ಲ. ಹೊಲ ಎರಡಾಯಿತು, ದೇವರ ಕೋಣೆಯ ಬೆಳ್ಳಿ ಎರಡಾಯಿತು, ಹಿತ್ತಲಿನ ಒರಳು ಒಬ್ಬನಿಗೆ, ಅದರ ಗುಂಡುಕಲ್ಲು ಇನ್ನೊಬ್ಬನಿಗೆ ಆಯಿತು. ಉಳಿದದ್ದು ಪಿಕಪ್. ಅದು ಒಂದೇ ಇತ್ತು.

"ಒಬ್ಬಂಗೆ ಕೊಟ್ರೆ ಇನ್ನೊಬ್ಬ ಸಾಯೋತನ ಅದನ್ನೇ ಆಡ್ತಾನೆ. ಎರಡು ಮಾಡ್ರಿ," ಎಂದಳು ತಾಯಿ ಯಮುನಮ್ಮ.

ಮಾಡಿದರು. ಶಾಮಿಯಾನದ ಬೊಂಬು ಹೊರಲು ಬಾಡಿ ಬೇಕು, ಬಾಡಿ ಅಣ್ಣನಿಗೆ. ಕಬ್ಬಿನ ಗಾಣ ತಿರುಗಿಸಲು ಎಂಜಿನ್ ಬೇಕು, ಎಂಜಿನ್ ತಮ್ಮನಿಗೆ. ಇಂಥ ಪತ್ರಗಳಲ್ಲಿ ತಾಯಿಗೆ ಬದುಕಿರುವತನಕ ಒಂದು ಕೋಣೆ ಬಿಡುವುದು ರೂಢಿ. ಪಿಕಪ್ಪಿನಲ್ಲಿ ಕೋಣೆ ಇಲ್ಲದ್ದರಿಂದ ಯಮುನಮ್ಮನಿಗೆ ಎಡಗಡೆ ಕಿಟಕಿಯ ಸೀಟು ಬಿಟ್ಟರು. ಶಿಕಾರಿಪುರದಲ್ಲಿ ಇದನ್ನು ಯಾರೂ ವಿಚಿತ್ರ ಎನ್ನಲಿಲ್ಲ. ಒಂದೇ ಹಲಸಿನ ಮರವನ್ನು ಕೊಂಬೆಯ ಲೆಕ್ಕದಲ್ಲಿ ಹಂಚಿಕೊಂಡವರು ಅದೇ ಬೀದಿಯಲ್ಲಿದ್ದರು.

ತಪ್ಪು ನಡೆದದ್ದು ಪತ್ರ ಬರೆಯುವಾಗ. ಪತ್ರ ಬರೆಯುವವನು ಮೂವತ್ತು ವರ್ಷದಿಂದ ಹೊಲ ಮನೆ ಬರೆದು ಪಳಗಿದ ಮನುಷ್ಯ. ತಮ್ಮನ ಪಾಲಿಗೆ "ಎಂಜಿನ್" ಎಂದು ಬರೆದು ಅವನ ಕೈ ಅಲ್ಲಿಗೆ ನಿಲ್ಲಲಿಲ್ಲ. "ಸದರಿ ಎಂಜಿನ್ನು ಮತ್ತು ಸದರಿ ಎಂಜಿನ್ನು ಇರುವ ಜಾಗ, ಅದರೊಳಗಿನ ನಿಧಿ ನಿಕ್ಷೇಪ ಜಲ ತರು ಪಾಷಾಣ ಸಮೇತ" ಎಂದು ಮುಗಿಸಿತು. ಯಾರೂ ಓದಲಿಲ್ಲ. ಪತ್ರ ನೋಂದಾಯಿಸುವುದು ಓದುವುದಕ್ಕಲ್ಲ.

ಸದಾಶಿವಪ್ಪ ಎಂಜಿನ್ ಬಿಚ್ಚಿಸಿಕೊಂಡು ಹೋಗಿ ಗಾಣಕ್ಕೆ ಬೆಲ್ಟ್ ಹಾಕಿದ. ಬಾಡಿ ಅಣ್ಣನ ಹಿತ್ತಲಿನಲ್ಲಿ ನಿಂತಿತು. ಬಾನೆಟ್ಟಿನ ಕೆಳಗೆ ಪಕ್ಕದ ಮನೆಯ ಬೆಕ್ಕು ಮೂರು ಸಲ ಮರಿ ಹಾಕಿತು. ಹಿಂದಿನ ತೊಟ್ಟಿಯ ತಗಡು ತುಕ್ಕು ಹಿಡಿದು ಒಂದು ತಲೆ ತೂರುವಷ್ಟು ತೂತಾಯಿತು.

ಈ ವರ್ಷ ಸದಾಶಿವಪ್ಪನ ಮಗಳು ಚೈತ್ರಶ್ರೀಯ ಮದುವೆ ಗೊತ್ತಾಯಿತು. ಬಸವ ಜಯಂತಿ ಕಳೆದು ಮೂರನೆಯ ದಿನ, ಸೊರಬದಲ್ಲಿ. ಹುಡುಗಿ ದೊಡ್ಡಪ್ಪನಿಗೆ ಫೋನ್ ಮಾಡಿದಳು.

"ದೊಡ್ಡಪ್ಪ, ಶಾಮಿಯಾನ ನಿಮ್ದೇ ಅಲ್ವ?"

"ಮತ್ತಿನ್ಯಾರ್ದು ಪುಟ್ಟಿ?"

"ಹಂಗಾರೆ ಸಾಮಾನು ನಮ್ಮ ಹಳೇ ಗಾಡೀಲೇ ಬರ್ಬೇಕು. ಅಜ್ಜ ನನ್ನ ಶಾಲೆಗೆ ಬಿಡ್ತಿದ್ದಿದ್ದು ಅದ್ರಲ್ಲೇ. ಬಾಡಿಗೆ ಗಾಡೀಲಿ ತಂದ್ರೆ ನಾನು ಹಸೆ ಮೇಲೆ ಕೂರಲ್ಲ."

"ಎಂಜಿನ್ ನಿಮ್ಮಪ್ಪನ ಗಾಣದಾಗೈತಲ್ಲೇ."

"ಪ್ರಪಂಚದಾಗೆ ಇರೋದು ಅದೊಂದೇ ಎಂಜಿನ್ನಾ?"

ಶಿವಮೂರ್ತಪ್ಪ ಹೂಂ ಅಂದ. ಅಂದಮೇಲೆ ಗೊತ್ತಾಯಿತು, ಹುಡುಗಿ ಸ್ಪೀಕರ್ ಹಾಕಿದ್ದಳು, ಆ ಕಡೆ ಬೀಗರೂ ಕೂತಿದ್ದರು. ಬೀಗರ ಕಿವಿಗೆ ಬಿದ್ದ ಹೂಂ ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲ.

ಮೆಕ್ಯಾನಿಕ್ ಮಾರಪ್ಪ ಬಾಡಿಯನ್ನು ತನ್ನ ಗ್ಯಾರೇಜಿಗೆ ಎಳೆಸಿಕೊಂಡು ಹೋದ. ದಾವಣಗೆರೆಯ ಗುಜರಿಯಲ್ಲಿ ಒಂದು ಎಂಜಿನ್ ಹುಡುಕಿದ. ಲಾರಿ ಹಿಂದಿನಿಂದ ಗುದ್ದಿ ಬಾಡಿ ಅಪ್ಪಚ್ಚಿಯಾಗಿ ಎಂಜಿನ್ ಮಾತ್ರ ಉಳಿದ ಗಾಡಿಯದು. ಆರು ವಾರ ಹಿಡಿಯಿತು. ತೂತಿನ ಸುತ್ತ ಅರ್ಧ ತೊಟ್ಟಿಯ ತಗಡು ಕತ್ತರಿಸಿ ಹೊಸದು ಬೆಸೆದ. ಎಂಜಿನ್ ಹಳೆಯದಕ್ಕಿಂತ ಎರಡು ಇಂಚು ಉದ್ದವಿತ್ತು, ರೇಡಿಯೇಟರನ್ನು ಎರಡು ಇಂಚು ಮುಂದೆ ತಳ್ಳಿದ. ಹೊಸ ಎಂಜಿನ್ನಿಗೂ ಹಳೆಯ ಗೇರ್ ಬಾಕ್ಸಿಗೂ ಬೋಲ್ಟು ಕೂಡಲಿಲ್ಲ. ಲೇತಿನಲ್ಲಿ ಒಂದು ಕಬ್ಬಿಣದ ತಟ್ಟೆ ಕೊರೆಸಿ ಎರಡರ ನಡುವೆ ಇಟ್ಟ.

"ಇದು ಮದುವೆ ದಲ್ಲಾಳಿ ಇದ್ದಂಗೆ ಅಣ್ಣಾ," ಎಂದ ಮಾರಪ್ಪ. "ಎರಡೂ ಕಡೆ ಹೊಂದಿಸ್ತತಿ. ಕೊನೆಗೆ ಸವೆಯೋದು ಅದೇ."

ಮೂರನೆಯ ಸಲಕ್ಕೆ ಎಂಜಿನ್ ಕೆಮ್ಮಿ ಹಿಡಿಯಿತು. ನೀಲಿ ಹೊಗೆ ಹೋಗಿ ಬಿಳಿ ಹೊಗೆ ಬಂದು ಅದೂ ನಿಂತಿತು. ಯಮುನಮ್ಮ ತನ್ನ ಸೀಟಿನಲ್ಲಿ ಕೂತು ನೋಡಿ, "ನಿಮ್ಮಪ್ಪ ಇದ್ದಾಗ ಇದು ಇಷ್ಟು ಮಾತಾಡ್ತಿರ್ಲಿಲ್ಲ," ಎಂದಳು.

ಉಳಿದದ್ದು ಒಂದೇ ಕೆಲಸ. ಆರ್‌ಸಿಯಲ್ಲಿ ಎಂಜಿನ್ ನಂಬರ್ ಬದಲಾಯಿಸುವುದು. ಮದುವೆಗೆ ಇಪ್ಪತ್ತಾರು ದಿನ ಇತ್ತು.

ಸಂಯುಕ್ತ ವಾಹನ ಹಕ್ಕುದಾಖಲೆ ಕಚೇರಿಯ ಅಧೀಕ್ಷಕರು ಚನ್ನೇಶ್ ಸಾಹೇಬರು. ಇಪ್ಪತ್ತಾರು ವರ್ಷ ಜಮೀನು ಅಳೆಸಿದವರು, ಒಂದು ಸಂಜೆ ಬಂದ ಆದೇಶದಿಂದ ವಾಹನಕ್ಕೆ ಬಂದವರು. ಬರುವಾಗ ಮೇಜು, ಕುರ್ಚಿ, ಕಂಪ್ಯೂಟರು, ನಮೂನೆಗಳು ಎಲ್ಲವೂ ಅಲ್ಲಿಂದಲೇ ಬಂದಿದ್ದವು. ಹೊಸದಾಗಿ ಬರೆಸಿದ್ದು ಬೋರ್ಡು ಮಾತ್ರ.

"ಗಾಡಿ ಎಷ್ಟು ವರ್ಷದಿಂದ ಒಂದೇ ಕಡೆ ನಿಂತಿತ್ತು?" ಎಂದು ಕೇಳಿದರು.

"ನಾಲ್ಕು ವರ್ಷ ಸಾರ್."

"ನಡುವೆ ಅಲುಗಾಡ್ಸಿದ್ರೇನು?"

"ಎಂಜಿನ್ನೇ ಇಲ್ದಿದ್ದು ಹೆಂಗೆ ಅಲುಗಾಡ್ತತಿ ಸಾರ್? ಗ್ಯಾರೇಜಿಗೆ ಎಳೆದಿದ್ದು ಅಷ್ಟೇ."

"ತಾನಾಗಿ ಅಲುಗಾಡಲಿಲ್ಲ," ಎಂದು ಬರೆದುಕೊಂಡರು. "ಹಂಗಾದ್ರೆ ಸ್ಥಿರಾಸ್ತಿ."

"ಸಾರ್, ಅದಕ್ಕೆ ನಾಲ್ಕು ಗಾಲಿ ಅದಾವು."

"ಮನೆಗೆ ಬಾಗ್ಲು ಇರ್ತತಿ. ಬಾಗ್ಲೈತಿ ಅಂತ ಮನೆ ಹೊರಗೆ ಹೋಗ್ತತೇನ್ರೀ?"

ಸಾಹೇಬರು ವಿಭಾಗ ಪತ್ರ ತೆಗೆದು ಓದಿದರು. ನಾಲ್ಕು ವರ್ಷದಲ್ಲಿ ಅದನ್ನು ಪೂರ್ತಿ ಓದಿದ ಮೊದಲಿಗರು ಅವರೇ.

"ಎಂಜಿನ್ ಇರೋ ಜಾಗ ನಿಮ್ಮ ತಮ್ಮಂದು."

"ಎಂಜಿನ್ ಅವ ತಗಂಡು ಹೋದ್ನಲ್ಲ ಸಾರ್. ಇನ್ನು ಜಾಗ ಎಲ್ಲಿ ಬಂತು?"

"ಬೆಳೆ ಕೊಯ್ದ ಮೇಲೆ ಹೊಲ ಎಲ್ಲಿ ಹೋಗ್ತತಿ? ತಮ್ಮನ ಜಾಗದಾಗೆ ನೀವು ನಿಮ್ಮ ಎಂಜಿನ್ ಇಟ್ಟೀರಿ. ಇದಕ್ಕೆ ಒತ್ತುವರಿ ಅಂತಾರೆ."

ಸಾಹೇಬರು ಮೃದುವಾದರು. "ಹೆದರಬ್ಯಾಡ್ರಿ. ಒತ್ತುವರಿ ಮಾಡ್ದೋರಿಗೆ ನಮ್ಮಲ್ಲಿ ಸಕ್ರಮ ಐತಿ. ಮಾಡ್ದೇ ಇದ್ದೋರಿಗೆ ಏನೂ ಇಲ್ಲ."

ದಾರಿ ಸರಳವಾಗಿತ್ತು. ಮೊದಲು ಪೋಡಿ, ಅಂದರೆ ಗಾಡಿಯನ್ನು ಅಳೆದು ಹಿಸ್ಸೆ ಪ್ರಕಾರ ನಂಬರ್ ಒಡೆಯುವುದು. ಆಮೇಲೆ ತಮ್ಮನ ಜಾಗದಲ್ಲಿರುವ ಅಣ್ಣನ ಎಂಜಿನ್ನಿಗೆ ಸಕ್ರಮ. ಆಮೇಲೆ ರಸ್ತೆ.

ಮರುದಿನವೇ ಸದಾಶಿವಪ್ಪ ಬಸ್ಸು ಹತ್ತಿ ಬಂದ. "ನಂದೇನೂ ತಕರಾರಿಲ್ಲ" ಎಂದು ಛಾಪಾ ಕಾಗದದ ಮೇಲೆ ಸಹಿ ಹಾಕಿಕೊಂಡೇ ಬಂದಿದ್ದ. ಚನ್ನೇಶ್ ಸಾಹೇಬರು ಎರಡು ಸಲ ಓದಿ ವಾಪಸ್ ಕೊಟ್ಟರು.

"ಇದರಿಂದ ನಿಮಗೇ ತೊಂದ್ರೆ. ತಕರಾರಿಲ್ಲ ಅಂದ್ರೆ ಕಡತ ಮುಕ್ತಾಯ. ಮುಕ್ತಾಯ ಆದ ಕಡತದಾಗೆ ಆದೇಶ ಮಾಡಾಕೆ ಬರಂಗಿಲ್ಲ. ಆದೇಶ ಬೇಕು ಅಂದ್ರೆ ತಕರಾರು ಬೇಕು."

"ನಾವಿಬ್ರೂ ಚೆನ್ನಾಗೇ ಇದೀವಲ್ಲ ಸಾರ್," ಎಂದ ಸದಾಶಿವಪ್ಪ.

"ಅದನ್ನ ಇಲ್ಲಿ ಹೇಳಬಾರ್ದು."

"ಜಗಳ ಆಡ್ಬೇಕಾ?"

"ಆಡೋದೇನು ಬ್ಯಾಡ. ಬರೆದ್ರೆ ಸಾಕು."

ನಮೂನೆ ಸಿದ್ಧವಿತ್ತು. "ಪ್ರತಿವಾದಿಯು ದುರಾಸೆಯಿಂದಲೂ ತೋಳ್ಬಲದಿಂದಲೂ ನನ್ನ ಹಿಸ್ಸೆಯನ್ನು ಕಬಳಿಸಿ" ಎಂದು ಶುರುವಾಗಿ ನಾಲ್ಕು ಸಾಲು ಅಚ್ಚಾಗಿತ್ತು. ಕೆಳಗೆ ಒಂದು ಸಾಲು ಖಾಲಿ. ಸದಾಶಿವಪ್ಪ ವರಾಂಡದ ಬೆಂಚಿನ ಮೇಲೆ ಕೂತು ತುಂಬಿಸಿದ. ಅವನು ಬರೆಯುವಾಗ ಅಣ್ಣ ಎದುರಿನ ಅಂಗಡಿಯಿಂದ ಅವನಿಗೊಂದು ಚಹಾ ತಂದು ಪಕ್ಕದಲ್ಲಿಟ್ಟ. ಇಬ್ಬರೂ ನಕ್ಕರು. ಅದು ಮದುವೆಗೆ ಇಪ್ಪತ್ತೈದು ದಿನ ಇರುವಾಗ.

ಎಂಟು ದಿನದ ಮೇಲೆ ಶಿವಮೂರ್ತಪ್ಪನಿಗೆ ನೋಟಿಸು ಬಂತು, ತಕರಾರಿನ ನಕಲು ಸಮೇತ. ಜಗುಲಿಯ ಮೇಲೆ ಕೂತು ತಾಯಿಗೆ ಗಟ್ಟಿಯಾಗಿ ಓದಿದ. ದುರಾಸೆಗೆ ನಕ್ಕ, ತೋಳ್ಬಲಕ್ಕೆ ಇನ್ನಷ್ಟು ನಕ್ಕ. ಐದನೆಯ ಸಾಲು ಅಚ್ಚಿನದಲ್ಲ. ಸದಾಶಿವಪ್ಪನ ಗುಂಡಗಿನ ಅಕ್ಷರ.

"ಅಲ್ಲದೆ ಸದರಿ ವಾಹನದಲ್ಲಿ ಚಿಕ್ಕಂದಿನಿಂದಲೂ ಅಣ್ಣನೇ ಮುಂದೆ ಕೂತಿರುತ್ತಾನೆ. ನನ್ನನ್ನು ಯಾವತ್ತೂ ಹಿಂದೆ ಮೂಟೆಯ ಮೇಲೆ ಕೂರಿಸಿರುತ್ತಾರೆ."

ಶಿವಮೂರ್ತಪ್ಪ ಅದನ್ನು ಗಟ್ಟಿಯಾಗಿ ಓದಲಿಲ್ಲ. ಮನಸ್ಸಿನಲ್ಲೇ ಎರಡು ಸಲ ಓದಿದ.

"ಯಾಕೆ ಸುಮ್ಮನಾದೆ?" ಎಂದಳು ಯಮುನಮ್ಮ.

ಓದಿ ಹೇಳಿದ. "ಹೌದೇನವ್ವಾ?"

"ಏನು ಹೌದೇನು? ನೀ ಅಪ್ಪನ ಪಕ್ಕ ಕೂತು ಹಾರನ್ ಒತ್ತತಿದ್ದೆ. ಅವ ಸುಣ್ಣ ಬಳದಂಗೆ ಧೂಳಾಗಿ ಇಳೀತಿದ್ದ."

"ಮೂವತ್ತೈದು ವರ್ಷ ಆತು. ಒಂದಿನನಾದ್ರೂ ಬಾಯಿ ಬಿಟ್ಟು ಹೇಳ್ಬೇಕಿಲ್ಲೇನು ಅವ?"

"ಅವಂಗೆ ಫಾರಂ ಕೊಟ್ಟೋರು ಯಾರು?"

ಆ ಸಂಜೆ ಶಿವಮೂರ್ತಪ್ಪ ಗ್ಯಾರೇಜಿಗೆ ಹೋಗಿ ಪಿಕಪ್ಪಿನ ಮುಂದಿನ ಸೀಟನ್ನು ನೋಡಿದ. ಬಲಕ್ಕೆ ಚಾಲಕ, ಎಡಕ್ಕೆ ತಾಯಿ. ನಡುವೆ ಇನ್ನೊಬ್ಬ ಕೂರುವಷ್ಟು ಜಾಗ ಇತ್ತು. ಮದುವೆಯ ಸಾಮಾನು ಹೋಗುವ ದಿನ ತಮ್ಮನನ್ನು ಅಲ್ಲಿ ಕೂರಿಸಿಕೊಂಡು ಹೋಗುವುದು ಎಂದು ನಿಶ್ಚಯಿಸಿದ. ಮಾರಪ್ಪನಿಗೆ ಹೇಳಿ ಆ ನಡುವಿನ ಸೀಟಿಗೆ ಮಾತ್ರ ಹೊಸ ಸ್ಪಂಜು ಹಾಕಿಸಿದ. ತಮ್ಮನಿಗೆ ಫೋನ್ ಮಾಡಿ ಹೇಳೋಣ ಎಂದರೆ ನೋಟಿಸಿನ ಹಿಂಬದಿಯಲ್ಲಿ ಎಚ್ಚರಿಕೆ ಇತ್ತು: "ವಿಚಾರಣೆ ಮುಗಿಯುವವರೆಗೆ ಉಭಯ ಪಕ್ಷಕಾರರು ಪರಸ್ಪರ ಮಾತಿನಿಂದಾಗಲಿ, ಮುಖಭಾವದಿಂದಾಗಲಿ ಪ್ರಭಾವ ಬೀರತಕ್ಕದ್ದಲ್ಲ." ಅಣ್ಣ ಫೋನ್ ಮಾಡಲಿಲ್ಲ. ತಮ್ಮನೂ ಮಾಡಲಿಲ್ಲ. ಅವನು ನಿಯಮಕ್ಕೆ ಹೆದರಿ ಮಾಡಲಿಲ್ಲವೋ ಬರೆದದ್ದಕ್ಕೆ ನಾಚಿ ಮಾಡಲಿಲ್ಲವೋ ಗೊತ್ತಾಗುವ ಉಪಾಯ ಇರಲಿಲ್ಲ. ಎಷ್ಟು ಕೊಪ್ಪರಿಗೆ, ಎಷ್ಟು ಕುರ್ಚಿ ಎಂಬುದೆಲ್ಲ ಯಮುನಮ್ಮನ ಮೂಲಕ ಹೋಗಿ ಬರುತ್ತಿತ್ತು. ಆಕೆ ಪಕ್ಷಕಾರಳಲ್ಲ, ಜೀವಿತಾವಧಿಯ ಸೀಟುದಾರಳು.

ಮದುವೆಗೆ ಹತ್ತು ದಿನ ಇರುವಾಗ ಸರ್ವೆಯರ್ ಶ್ರೀನಿವಾಸ ಸರಪಳಿ ಹಿಡಿದು ಗ್ಯಾರೇಜಿಗೆ ಬಂದ. ಅದಕ್ಕೆ ಮುಂಚೆ ಕುಪ್ಪಗಡ್ಡೆಗೆ ಹೋಗಿ, ಮೂಲ ಎಂಜಿನ್ ಗಾಣದಲ್ಲಿ ಸ್ವಾಧೀನಾನುಭವದಲ್ಲಿದೆ ಎಂದು ಖಚಿತಪಡಿಸಿಕೊಂಡು, ಒಂದು ಡಬ್ಬಿ ಜೋನಿ ಬೆಲ್ಲವನ್ನು ಮಾದರಿಯಾಗಿ ವಶಕ್ಕೆ ತೆಗೆದುಕೊಂಡಿದ್ದ. ಮಾದರಿಯ ಫಲಿತಾಂಶ ಇನ್ನೂ ಬಂದಿಲ್ಲ. ಎರಡನೆಯ ಡಬ್ಬಿ ಬೇಕಾಗಬಹುದು ಎಂದು ಹೇಳಿದ್ದಾನೆ.

ಅಣ್ಣ ಗಾಡಿಯ ಒಂದು ಪಕ್ಕ ನಿಂತ, ತಮ್ಮ ಇನ್ನೊಂದು ಪಕ್ಕ. ಇಬ್ಬರೂ ಮುಖಭಾವ ಇಲ್ಲದಂತೆ ನಿಂತಿದ್ದರು. ಗ್ಯಾರೇಜಿನ ಬಾಗಿಲು ಪೂರ್ವಕ್ಕಿದ್ದುದರಿಂದ ಗಾಡಿಯೂ ಪೂರ್ವಕ್ಕೆ ಮುಖ ಮಾಡಿತ್ತು. ಒಟ್ಟು ವಿಸ್ತೀರ್ಣ ಸೊನ್ನೆ ಎಕರೆ, ಸೊನ್ನೆ ಗುಂಟೆ, ಒಂದೂಕಾಲು ಆಣೆ ಬಂತು. ವಾಹನ ಸಂಖ್ಯೆ 4127 ಎರಡಾಯಿತು: 4127/1 ಅಣ್ಣನ ಬಾಡಿ, 4127/2 ತಮ್ಮನ ಎಂಜಿನ್ ಜಾಗ. ಎರಡನೆಯದರ ಚೆಕ್ಕುಬಂದಿಯನ್ನು ಶ್ರೀನಿವಾಸ ಕೂಗಿ ಹೇಳಿ ಬರೆದ: "ಪೂರ್ವಕ್ಕೆ ಬಂಪರ್. ಪಶ್ಚಿಮಕ್ಕೆ ಡ್ಯಾಶ್‌ಬೋರ್ಡ್. ಉತ್ತರಕ್ಕೆ ಎಡ ಮಡ್‌ಗಾರ್ಡ್. ದಕ್ಷಿಣಕ್ಕೆ ಬಲ ಮಡ್‌ಗಾರ್ಡ್."

ಆಮೇಲೆ ಹಿಂದಿನ ತೊಟ್ಟಿಗೆ ಹತ್ತಿ, ಮಾರಪ್ಪ ಬೆಸೆದ ಹೊಸ ತಗಡಿನ ಸುತ್ತ ಸುಣ್ಣದ ಗೆರೆ ಎಳೆದ. "ಇದು ಬ ಖರಾಬು," ಎಂದ. ಬ ಖರಾಬು ಎಂದರೆ ಯಾರ ಸ್ವಂತದ್ದೂ ಅಲ್ಲದ, ಎಲ್ಲರೂ ಓಡಾಡಬಹುದಾದ ಸರ್ಕಾರಿ ಜಾಗ.

"ಸಾರ್, ಅದು ನಾನೇ ಹಾಕಿದ ಹೊಸ ತಗಡು," ಎಂದ ಮಾರಪ್ಪ.

"ನಾವು ನೋಡೋದು ಮೂಲ ಸ್ಥಿತಿ. ಇಲ್ಲಿ ಮೊದ್ಲು ಏನಿತ್ತು?"

"ತೂತು."

"ತೂತಿನಾಗೆ ಏನು ಕಾಣ್ತಿತ್ತು?"

"ರಸ್ತೆ."

"ರಸ್ತೆ ಕಂಡ ಜಾಗ ರಸ್ತೆ." ಸಾರ್ವಜನಿಕ ದಾರಿ ಎಂದು ಬರೆದ.

ಕೊನೆಗೆ ಬಾಂದುಕಲ್ಲು. ಎರಡು ಹಿಸ್ಸೆಯ ನಡುವೆ ಗಡಿಗೆ ಒಂದು ಕಲ್ಲು ನೆಡದೆ ಪೋಡಿ ಪೂರ್ತಿಯಾಗುವುದಿಲ್ಲ. ಗಡಿ ಇದ್ದದ್ದು ಡ್ಯಾಶ್‌ಬೋರ್ಡಿನ ಮೇಲೆ. ಅಲ್ಲಿ ಕಲ್ಲು ನಿಲ್ಲುವುದಿಲ್ಲ. ಹತ್ತಿರದ ಅನುಕೂಲ ಸ್ಥಳ ಎಂದು ಶ್ರೀನಿವಾಸ ಮುಂದಿನ ಸೀಟಿನ ನಡುಭಾಗ ತೋರಿಸಿದ.

"ಅಲ್ಲಿ ಬ್ಯಾಡ್ರೀ," ಎಂದ ಶಿವಮೂರ್ತಪ್ಪ.

"ಯಾಕೆ?"

"ಅಲ್ಲಿ ಕೂರೋರು ಒಬ್ರು ಅದಾರೆ."

"ಯಾರು?"

ಶಿವಮೂರ್ತಪ್ಪ ಗಾಡಿಯ ಆ ಪಕ್ಕ ನೋಡಿದ. ತಮ್ಮ ಮೊದಲ ಸಲ ತಲೆಯೆತ್ತಿದ್ದ. ಹೆಸರು ಹೇಳಿದರೆ ಪ್ರಭಾವ ಬೀರಿದಂತೆ. ವಿಚಾರಣೆ ಮುಂದಕ್ಕೆ ಹೋಗುತ್ತದೆ. ಮದುವೆ ಮುಂದಕ್ಕೆ ಹೋಗುವುದಿಲ್ಲ.

"ಯಾರೂ ಇಲ್ಲ," ಎಂದ.

ಮಾರಪ್ಪ ಹೊಸ ಸ್ಪಂಜನ್ನು ಚೌಕಾಕಾರ ಕೊಯ್ದ. ಒಂದೂವರೆ ಅಡಿಯ ಕಲ್ಲನ್ನು ಸಿಮೆಂಟು ಹಾಕಿ ನಿಲ್ಲಿಸಿದರು. ಯಮುನಮ್ಮ ಬಂದು, ಇನ್ನು ಮುಂದೆ ಪಕ್ಕದಲ್ಲಿ ಕೂರುವವನಲ್ಲವೇ ಎಂದು, ಅದಕ್ಕೆ ಮೂರು ಬೆರಳು ವಿಭೂತಿ ಎಳೆದಳು.

ಮದುವೆಗೆ ಮೂರು ದಿನ ಇರುವಾಗ ಆದೇಶ ಹೊರಬಿತ್ತು.

"ಉಭಯ ಪಕ್ಷಕಾರರನ್ನು ಆಲಿಸಲಾಗಿದೆ. ಇವರಲ್ಲಿ ತೀವ್ರ ವೈಮನಸ್ಯ ಇರುವುದು ಇವರು ಪರಸ್ಪರ ಮಾತನಾಡದೆ ಇರುವುದರಿಂದ ರುಜುವಾತಾಗಿದೆ. ಆದ್ದರಿಂದ ವಾಹನ ಸಂಖ್ಯೆ 4127/2ರಲ್ಲಿ ಶ್ರೀ ಶಿವಮೂರ್ತಪ್ಪನವರ ಅನಧಿಕೃತ ಎಂಜಿನ್ನನ್ನು ಸಕ್ರಮಗೊಳಿಸಿ, ಅವರಿಗೆ ಸದರಿ ಜಾಗದಲ್ಲಿ ಎಂಜಿನ್ ಸಾಗುವಳಿ ಚೀಟಿ ನೀಡಲು ಆದೇಶಿಸಿದೆ. ಷರತ್ತುಗಳು: ವಾಹನವು ಸಂಚರಿಸುವಾಗ ಇಬ್ಬರು ಹಿಸ್ಸೆದಾರರೂ, ಸಾಧ್ಯವಾಗದಿದ್ದಲ್ಲಿ ಕನಿಷ್ಠ ಬಾಂದುಕಲ್ಲಾದರೂ, ಹಾಜರಿರತಕ್ಕದ್ದು. ಬ ಖರಾಬಿನಲ್ಲಿ ಸಾರ್ವಜನಿಕರನ್ನು ತಡೆಯತಕ್ಕದ್ದಲ್ಲ. ವಾಹನವು ಸದಾಕಾಲ ಚೆಕ್ಕುಬಂದಿಗೆ ಅನುಗುಣವಾಗಿ ಪೂರ್ವಾಭಿಮುಖವಾಗಿ ಇರತಕ್ಕದ್ದು. ರಸ್ತೆಯ ತಿರುವುಗಳಲ್ಲಿ ಈಶಾನ್ಯದಿಂದ ಆಗ್ನೇಯದವರೆಗೆ ರಿಯಾಯಿತಿ ಇರುತ್ತದೆ. ಬಂಪರ್ ಪಶ್ಚಿಮಕ್ಕೆ ಕಂಡುಬಂದಲ್ಲಿ ದಾಖಲೆಗೂ ಸ್ಥಳಕ್ಕೂ ವ್ಯತ್ಯಾಸವೆಂದು ಪರಿಗಣಿಸಿ ವಾಹನವನ್ನು ಮುಟ್ಟುಗೋಲು ಹಾಕಿಕೊಳ್ಳಲಾಗುವುದು."

ಶಿವಮೂರ್ತಪ್ಪ ಆದೇಶ ಹಿಡಿದು ನಿಂತೇ ಇದ್ದ.

"ಸಾರ್, ಸೊರಬ ಇರೋದು ಪಶ್ಚಿಮಕ್ಕೆ."

"ಇರ್ಲಿ," ಎಂದರು ಚನ್ನೇಶ್ ಸಾಹೇಬರು. "ಸೊರಬ ಎತ್ತ ಇರ್ಬೇಕು ಅನ್ನೋದು ನಮ್ಮ ವ್ಯಾಪ್ತಿಗೆ ಬರಂಗಿಲ್ಲ."

"ಹೋಗೋದು ಹೆಂಗೆ?"

"ಮುಖ ಪೂರ್ವಕ್ಕಿರ್ಲಿ. ಹೋಗೋದು ನಿಮ್ಮಿಷ್ಟ. ನಾವು ಅಡ್ಡಿ ಮಾಡಲ್ಲ." ಆಮೇಲೆ ನೆನಪಾದವರಂತೆ ಹೇಳಿದರು. "ಯಾವತ್ತು ಹೊರಡ್ತೀರಿ? ಸೊರಬದಾಗೆ ನಮ್ಮ ಮಾವನ ಮನೆಗೆ ಒಂದು ಅಲ್ಮೆರಾ ಕಳಿಸೋದೈತಿ. ನಿಮ್ಮ ಜಾಗದಾಗೆ ಬ್ಯಾಡ. ಬ ಖರಾಬಿನಾಗೆ ಇಟ್ಟರೆ ಸಾಕು, ಅದು ಸರ್ಕಾರದ್ದು."

ನಲವತ್ತು ಕಿಲೋಮೀಟರಿನಷ್ಟು ದಾರಿ, ರಿವರ್ಸ್ ಗೇರಿನಲ್ಲಿ. ಎಂಜಿನ್ ಕುದಿದು ಶಿರಾಳಕೊಪ್ಪ ಮುಟ್ಟುವುದರೊಳಗೆ ಬಾಯಿ ಬಿಡುತ್ತದೆ. ಶಿವಮೂರ್ತಪ್ಪ ಗ್ಯಾರೇಜಿನ ಹಳೆ ಟೈರಿನ ಮೇಲೆ ಕುಸಿದು ಕೂತ. ಆರು ವಾರ ಎಂಜಿನ್ ಕೂರಿಸಿದ್ದು, ತಮ್ಮನನ್ನು ಕಳೆದುಕೊಂಡದ್ದು, ಎಲ್ಲ ಸೇರಿ ಹುಡುಗಿ ಹಸೆಯ ಮೇಲೆ ಕೂರದಂತಾಯಿತು. ಮಾರಪ್ಪ ಆದೇಶವನ್ನು ಓದಿ, ಎಣ್ಣೆ ಕೈಯಲ್ಲೇ ತಲೆ ಕೆರೆದುಕೊಂಡ.

"ಹಿಂದಿನ ಆಕ್ಸಲ್ಲಿನಾಗೆ ಒಂದು ದೊಡ್ಡ ಹಲ್ಲಿನ ಚಕ್ರ ಇರ್ತತಿ ಅಣ್ಣಾ. ಹೊಸ ಹುಡುಗರು ಕೆಲವೊಮ್ಮೆ ಅದನ್ನ ತಪ್ಪಾಗಿ ಆ ಪಕ್ಕದ್ದು ಈ ಪಕ್ಕಕ್ಕೆ ಹಾಕಿಬಿಡ್ತಾರೆ. ಅವಾಗ ಗಾಡಿ ನಾಲ್ಕು ಗೇರಿನಾಗೂ ಹಿಂದಕ್ಕೆ ಹೋಗ್ತತಿ, ರಿವರ್ಸ್ ಹಾಕಿದ್ರೆ ಮುಂದಕ್ಕೆ. ಅದೇ ತಪ್ಪನ್ನ ನಾನು ಸರಿಯಾಗಿ ಮಾಡ್ತೀನಿ."

"ಮತ್ತೆ ವಾಪಸ್ ಬರೋದು?"

"ಬರೋವಾಗ ಪೂರ್ವಕ್ಕಲ್ವ? ಇರೋ ಒಂದು ಗೇರಿನಾಗೆ ನಿಧಾನಕ್ಕೆ ಬರ್ರಿ. ಮದುವೆಯಿಂದ ಬರೋರಿಗೆ ಏನು ಅವಸರ?"

ಮದುವೆಯ ಹಿಂದಿನ ದಿನ ಬೆಳಿಗ್ಗೆ ಪಿಕಪ್ ತುಂಬಿ ನಿಂತಿತ್ತು. ಶಾಮಿಯಾನ, ಬೊಂಬು, ಏಳು ಕೊಪ್ಪರಿಗೆ, ಆದಷ್ಟು ಕುರ್ಚಿ. ಬ ಖರಾಬಿನಲ್ಲಿ ಅಲ್ಮೆರಾ, ಅದರ ಪಕ್ಕ ನಾಲ್ಕು ಮಂದಿ ಸಾರ್ವಜನಿಕರು. ಆದೇಶದ ಸುದ್ದಿ ತಿಳಿದು ಬಂದಿದ್ದರು. ಯಮುನಮ್ಮ ತನ್ನ ಸೀಟಿನಲ್ಲಿ, ಪಕ್ಕದಲ್ಲಿ ವಿಭೂತಿಯ ಕಲ್ಲು.

ಸದಾಶಿವಪ್ಪ ಮೊದಲ ಬಸ್ಸಿಗೆ ಬಂದಿದ್ದ. ಬಿಳಿ ಅಂಗಿ ಹಾಕಿದ್ದ, ಮರುದಿನ ಮದುಮಗಳ ಅಪ್ಪನಾಗುವವನು. ಕ್ಯಾಬಿನ್ನಿನ ಬಾಗಿಲಲ್ಲಿ ನಿಂತು ಕಲ್ಲು ನೋಡಿದ. ಪ್ರಕರಣ ಮುಗಿದಿತ್ತು, ಮಾತಾಡಲು ಅಡ್ಡಿ ಇರಲಿಲ್ಲ.

"ಇಲ್ಲಿ ನಿನ್ನ ಕೂರಿಸ್ಬೇಕು ಅಂತಿದ್ದೆ," ಎಂದ ಶಿವಮೂರ್ತಪ್ಪ.

"ಗೊತ್ತಾತು. ಅಳತೆ ದಿನಾನೇ ಗೊತ್ತಾತು."

"ಫಾರಮ್ಮಿನಾಗೆ ಹಂಗೆ ಬರೆದಿದ್ಯಲ್ಲ…"

"ಒಂದು ಸಾಲು ಖಾಲಿ ಇತ್ತಣ್ಣ. ಖಾಲಿ ಬಿಟ್ರೆ ತಿರಸ್ಕಾರ ಆಗ್ತದೆ ಅಂದ್ರು."

"ಸುಳ್ಳು ಬರೀಬಹುದಿತ್ತು."

"ಸುಳ್ಳೆಲ್ಲ ಅವ್ರೇ ಅಚ್ಚು ಹಾಕ್ಸಿದ್ರು ಮಾರಾಯ."

ಶಿವಮೂರ್ತಪ್ಪನಿಗೆ ನಗು ಬಂತು, ತಡೆದುಕೊಂಡ. ಸದಾಶಿವಪ್ಪ ಇನ್ನೊಂದು ಸಲ ಕಲ್ಲು ನೋಡಿ, ಸುತ್ತು ಹಾಕಿ ಹೋಗಿ ಹಿಂದಕ್ಕೆ ಹತ್ತಿದ. ಮೂವತ್ತೈದು ವರ್ಷದ ಅಭ್ಯಾಸ. ಕಾಲು ತಾನಾಗಿ ಮೂಟೆಯ ಮೇಲೆ ಬಿತ್ತು.

ಗಾಡಿ ಹೊರಟಿತು. ಬಂಪರ್ ಆಗ್ನೇಯಕ್ಕೆ, ಪಯಣ ವಾಯವ್ಯಕ್ಕೆ. ಶಿವಮೂರ್ತಪ್ಪ ಕನ್ನಡಿಯಲ್ಲಿ ನೋಡಿದರೆ ಕಂಡದ್ದು ಸಾಹೇಬರ ಅಲ್ಮೆರಾ ಒಂದೇ. ದಾರಿ ಕಾಣುತ್ತಿದ್ದದ್ದು ಹಿಂದೆ, ಅಂದರೆ ಈಗ ಮುಂದೆ, ನಿಂತಿದ್ದ ಸದಾಶಿವಪ್ಪನಿಗೆ.

"ಎಡಕ್ಕೆ! ಇನ್ನಷ್ಟು ಎಡಕ್ಕೆ! ಬಸ್ ಬಂತು, ನಿಲ್ಲು! ಹಾರನ್ ಒತ್ತು!"

ಶಿವಮೂರ್ತಪ್ಪ ಒತ್ತಿದ.

"ಜೋರಾಗಿ ಒತ್ತಣ್ಣ!"

ಶಿರಾಳಕೊಪ್ಪಕ್ಕೆ ಮೊದಲು ಕಚೇರಿಯ ತಪಾಸಣಾ ಗೇಟು. ಸಿಬ್ಬಂದಿ ದಿಕ್ಸೂಚಿ ಹಿಡಿದು ಬಂಪರ್ ನೋಡಿ, ಕಲ್ಲು ಮುಟ್ಟಿ, ಸರಿಯಾಗಿದೆ ಎಂದು ಬಿಟ್ಟರು. ಇವರ ಗಾಡಿಯ ಬೆನ್ನಿಗೇ ಹೊಸ ಪಿಕಪ್ ಒಂದು ಸೊರಬದ ಕಡೆ ಮುಖ ಮಾಡಿಕೊಂಡು ಬಂತು. ಅದನ್ನು ನಿಲ್ಲಿಸಿದರು.

"ಏನ್ರೀ, ಪಶ್ಚಿಮಕ್ಕೆ ಮುಖ ಮಾಡೀರಿ? ಚೆಕ್ಕುಬಂದಿ ಎಲ್ಲಿ?"

ಡ್ರೈವರ್ ಹಿಂದುಮುಂದಾಗಿ ಹೋಗುತ್ತಿದ್ದ ಹಳೆ ಗಾಡಿಯನ್ನು ನೋಡಿ, ತಪ್ಪು ತನ್ನದೇ ಇರಬೇಕು ಎಂದು ಕೆಳಗಿಳಿದ.

ಶಿರಾಳಕೊಪ್ಪ ದಾಟಿದ ಮೇಲೆ ರಸ್ತೆ ಅಗೆದು ಬಿಟ್ಟಿದ್ದರು. ಜಲ್ಲಿಯ ಬಿಳಿ ಧೂಳು ಎದ್ದು, ಗಾಡಿ ಸಾಗುವ ದಿಕ್ಕಿಗೆ ಬೆನ್ನಾಗಿ, ನೇರ ಕ್ಯಾಬಿನ್ನಿನೊಳಗೆ ನುಗ್ಗಿತು. ಸೊರಬದ ಚಪ್ಪರದ ಎದುರು ಗಾಡಿ ನಿಂತಾಗ ಮೊದಲು ಬಂದವನು ಸದಾಶಿವಪ್ಪ, ಬಿಳಿ ಅಂಗಿಯಲ್ಲಿ, ಕೈ ಎತ್ತಿಕೊಂಡು. ಆಮೇಲೆ ಅಲ್ಮೆರಾ. ಆಮೇಲೆ ಸಾರ್ವಜನಿಕರು. ಎಲ್ಲರಿಗಿಂತ ಹಿಂದೆ ಶಿವಮೂರ್ತಪ್ಪ, ಯಮುನಮ್ಮ ಮತ್ತು ಕಲ್ಲು.

ಚೈತ್ರಶ್ರೀ ಓಡಿ ಬಂದಳು. ಗಾಡಿ ನೋಡಿ ಅವಳ ಕಣ್ಣು ತುಂಬಿತು. ಆಮೇಲೆ ಇಳಿಯುತ್ತಿದ್ದವನನ್ನು ನೋಡಿದಳು.

"ಅಯ್ಯ, ದೊಡ್ಡಪ್ಪ! ಇದೇನು, ಸುಣ್ಣ ಬಳದಂಗೆ ಆಗೀರಿ?"

ಶಿವಮೂರ್ತಪ್ಪ ತಮ್ಮನ ಕಡೆ ನೋಡಿದ. ತಮ್ಮ ಅಂಗಿಯ ತೋಳನ್ನು ಕೊಡವಿಕೊಳ್ಳುತ್ತಿದ್ದ, ಕೊಡವಲು ಅಲ್ಲಿ ಏನೂ ಇರಲಿಲ್ಲ.

"ಹಿಸ್ಸೆ ಈಗ ಸರಿ ಆತು," ಎಂದಳು ಯಮುನಮ್ಮ, ಸೆರಗಿನಿಂದ ಮೊದಲು ಕಲ್ಲಿನ ಮುಖ ಒರೆಸಿ, ಆಮೇಲೆ ತನ್ನದನ್ನು ಒರೆಸಿಕೊಂಡು.

ಬೀಗರು ಗಾಡಿಯ ಸುತ್ತ ಒಂದು ಸುತ್ತು ಬಂದರು. ಯಾಕೆ ಹಿಂದುಮುಂದಾಗಿ ಬಂದಿರಿ ಎಂದು ಕೇಳಲಿಲ್ಲ. ಪೋಡಿಗೆ ಎಷ್ಟು ದಿನ ಹಿಡಿಯಿತು ಎಂದು ಕೇಳಿದರು. ತಮಗೂ ಇಬ್ಬರು ಗಂಡುಮಕ್ಕಳು, ಒಂದೇ ಟ್ರ್ಯಾಕ್ಟರ್.

ಮದುವೆ ಸಾಂಗವಾಗಿ ಮುಗಿಯಿತು. ಶಿವಮೂರ್ತಪ್ಪನ ಶಾಮಿಯಾನ ಈಗ ಪಶ್ಚಿಮದ ಊರುಗಳಿಗೆ ವಾರಕ್ಕೆ ಎರಡು ಸಲ ಹೋಗುತ್ತದೆ. ಆದೇಶದ ಪ್ರಕಾರ ಬಾಂದುಕಲ್ಲು ಒಂದಿದ್ದರೆ ಸಾಕು. ಆದರೂ ಗಾಡಿ ಹೊರಡುವ ದಿನ ಸದಾಶಿವಪ್ಪ ಗಾಣ ನಿಲ್ಲಿಸಿ, ಬಿಳಿ ಅಂಗಿ ಹಾಕಿಕೊಂಡು, ಮೊದಲ ಬಸ್ಸಿಗೆ ಶಿಕಾರಿಪುರಕ್ಕೆ ಬರುತ್ತಾನೆ.

"ಖಾಲಿ ಗಾಡಿ ಹಿಂದಿನ ದಿನಾನೇ ವಾಪಸ್ ಬರ್ತತಲ್ಲ ಗೌಡ್ರೆ. ಅದ್ರಾಗೇ ಬರಬಹುದಲ್ಲ?" ಎಂದು ಬಸ್ಸಿನ ಕಂಡಕ್ಟರ್ ಒಮ್ಮೆ ಕೇಳಿದ.

"ಅದು ಪೂರ್ವಕ್ಕೆ ಬರೋದು ಮಾರಾಯ," ಎಂದ ಸದಾಶಿವಪ್ಪ. "ಅವಾಗ ನಾನು ಹಿಂದಾಗ್ತೀನಿ."

ಕಂಡಕ್ಟರ್ ನ್ಯಾಯವಾದ ಮಾತು ಎಂಬಂತೆ ತಲೆದೂಗಿ ಟಿಕೆಟ್ ಹರಿದು ಕೊಟ್ಟ.